ಬೆಳ್ಳುಳ್ಳಿ ಮನೆಯ ಸಕ್ಕರೆ ಹಣ್ಣು

ಪಪಾಯಿ ಕಾಯಿ ಹೆರೆಯುವ ಮುನ್ನ ಅಂಗೈಗೆ ಎಣ್ಣೆ ಸವರಿಕೊಳ್ಳಬೇಕು. ಇಲ್ಲದಿದ್ದರೆ ಅದರ ಹಾಲು ತಾಗಿ ಬೆರಳ ಸಂದಿಯೆಲ್ಲ ಉರಿಯುತ್ತದೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಒಂದೆರಡು ಕಾಯಿ ಹೆರೆದಾಗ ಗೊತ್ತೂ ಆಗಿರಲಿಲ್ಲ. ಬುಟ್ಟಿ ತುಂಬ ಕಾಯಿ ಹೆರೆದು, ಎದ್ದು, ರೊಟ್ಟಿಯ ಹಿಟ್ಟಿಗೆ ಕೈ ಹಾಕಿದಾಗಲೇ ಗೊತ್ತಾದದ್ದು. ನಾನು ಕೈ ಝಾಡಿಸುತ್ತ ಕುಣಿಯುವುದನ್ನು ಕಂಡು ಅತ್ತೆ ಬಾಗಿಲಲ್ಲೇ ನಿಂತು ನಕ್ಕರು.

“ಜನ್ಮ ಎಲ್ಲಾ ಖಾರದಾಗ ಕೈ ಇಟ್ಟೀನಿ, ಒಂದ ದಿನಾ ಉರಿದಿಲ್ಲ. ನಿಂದು ಸಕ್ಕರಿ ಧಂದೆ, ಅದರಾಗ ಕೈ ಉರೀತಾವೇನ?”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕೈ ಉರಿಯುವಾಗ ಜಗಳ ಸರಿಯಾಗಿ ಬರುವುದಿಲ್ಲ, ಹಾಗಾಗಿ ಬಿಟ್ಟೆ.

ನಮ್ಮದು ಸೋಲಾಪುರದ ಶೇಂಗಾ ಚಟ್ನಿಯ ಮನೆ. ಬೀದಿಗೆ ಅಂಗಡಿ, ಅದರ ಬೆನ್ನಿಗೆ ಕುಟ್ಟುವ ಮನೆ, ಮೇಲೆ ನಮ್ಮ ವಾಸ. ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರದ ಪುಡಿ, ಜೀರಿಗೆ, ಉಪ್ಪು ಸೇರಿಸಿ ಎಣ್ಣೆ ಬಿಡುವ ತನಕ ಕುಟ್ಟಿದರೆ ನಮ್ಮ ಮನೆಯ ಅನ್ನ ಹುಟ್ಟುತ್ತದೆ. ಈಗ ಕುಟ್ಟುವುದು ಯಂತ್ರ, ಆದರೆ ಯಂತ್ರದ ಪಕ್ಕ ಸ್ಟೂಲು ಹಾಕಿಕೊಂಡು ಕೂರುವುದು ಅತ್ತೆ. ಹಣದ ಗಲ್ಲೆಯ ಮೇಲೆ ನನ್ನ ಗಂಡ. ಮದುವೆಯಾಗಿ ಬಂದಾಗಿನಿಂದ ನಾನೂ ಬೆಳ್ಳುಳ್ಳಿ ಸುಲಿದಿದ್ದೇನೆ, ಪೊಟ್ಟಣ ಕಟ್ಟಿದ್ದೇನೆ, ಅದರ ಬಗ್ಗೆ ನನ್ನ ದೂರೇನಿಲ್ಲ. ಆದರೆ ಇದು ನನ್ನದು, ನಾನು ಮಾಡಿದ್ದು ಎಂದು ಎದೆ ತಟ್ಟಿ ಹೇಳಲು ಆ ಮನೆಯಲ್ಲಿ ನನ್ನದೊಂದು ವಸ್ತು ಇರಲಿಲ್ಲ. ಚಟ್ನಿ ಎಷ್ಟೇ ಕಟ್ಟಿದರೂ ಅದು ಅತ್ತೆಯ ಚಟ್ನಿಯೇ.

ಸಕ್ಕರೆ ಹಣ್ಣು ಮಾತ್ರ ನನ್ನದು. ಬೇಕರಿಯವರು ಟುಟಿಫ್ರುಟಿ ಎನ್ನುವ ಬಣ್ಣದ ಚೂರುಗಳಿವೆಯಲ್ಲ, ಅವುಗಳ ಒಳ್ಳೆಯ ಮನೆತನದ ಅಕ್ಕ ಅನ್ನಬಹುದು. ಹಣ್ಣಿನೊಳಗಿನ ನೀರನ್ನು ಸ್ವಲ್ಪಸ್ವಲ್ಪವೇ ಹೊರಗೆ ಕರೆದು, ಆ ಜಾಗದಲ್ಲಿ ಸಕ್ಕರೆಯನ್ನು ಕೂರಿಸುವ ಕೆಲಸ ಅದು. ಒಂದು ತರಬೇತಿಯಲ್ಲಿ ಕಲಿತಿದ್ದೆ. ಹಿಂದಿನ ದಸರೆಗೆ ಮುಂಚೆ ತವರಿಗೆ ಹೋದಾಗ ಅಲ್ಲಿಯ ಪಪಾಯಿಯಲ್ಲಿ ಒಂದಿಷ್ಟು ಮಾಡಿ ಡಬ್ಬಿಯಲ್ಲಿ ತಂದಿದ್ದೆ. ನನ್ನ ತವರು ಅಕ್ಕಲಕೋಟೆ ತಾಲೂಕಿನ ಹನ್ನೂರ. ಅಣ್ಣನ ಹೊಲದಲ್ಲಿ ಜೋಳ, ಉಳ್ಳಾಗಡ್ಡಿ, ಬಾವಿಯ ಮಗ್ಗುಲಿಗೆ ಪಪಾಯಿ. ದಸರೆಯ ದಿನ ಮನೆಯ ಶ್ರೀಖಂಡದ ಮೇಲೆ ಆ ಚೂರುಗಳನ್ನು ಹೂವಿನಂತೆ ಜೋಡಿಸಿದ್ದೆ. ಬನ್ನಿ ಕೊಡಲು ಬಂದಿದ್ದ ಮಿಠಾಯಿ ಅಂಗಡಿಯ ಮಾಲಕರು ಒಂದು ಚಮಚ ಬಾಯಿಗಿಟ್ಟವರು ಅಲ್ಲೇ ನಿಂತರು.

“ಅಕ್ಕಾರ, ಇದನ್ನ ಎಲ್ಲಿ ತಗೊಂಡ್ರಿ?”

“ತಗೊಂಡಿಲ್ರಿ, ಮಾಡೀನಿ.”

“ಪಾಡ್ವಾಕ ನನ್ನ ಶ್ರೀಖಂಡದ ಡಬ್ಬಿ ಮ್ಯಾಲ ಹಿಂಗ ಹೂವ ಬೇಕ ನೋಡ್ರಿ. ಬಜಾರದ ಟುಟಿಫ್ರುಟಿ ಬಣ್ಣ ಬಿಡತೈತಿ, ಶ್ರೀಖಂಡ ಎಲ್ಲಾ ರಾಡಿ ಆಗತೈತಿ. ನಿಮ್ಮದು ಬಿಡಂಗಿಲ್ಲ. ಮೊದಲ ನಮೂನಾ ತೋರಸ್ರಿ, ನೋಡಿ ಆರ್ಡರ್ ಪಕ್ಕಾ ಮಾಡತೀನಿ.”

ಪಾಡ್ವಾ ಅಂದರೆ ನಮ್ಮ ಕಡೆಯ ಯುಗಾದಿ. ಅವರು ಹೋದ ಮೇಲೆ ನಾನು ಅತ್ತೆಯ ಬೆನ್ನು ಹತ್ತಿದೆ. ಕುಟ್ಟುವ ಮನೆಯ ಪಕ್ಕ ಹಳೆಯ ಡಬ್ಬಿಗಳನ್ನು ತುಂಬಿದ್ದ ಒಂದು ಖೋಲಿ, ಸಣ್ಣ ಕೋಣೆ, ಇತ್ತು. ಅದು ನನಗೆ ಬೇಕು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ನಾನು ಬಿಡಲಿಲ್ಲ. ಶಿವರಾತ್ರಿಯ ಉಪವಾಸದ ದಿನ ಹಸಿವಿಗೋ ಬೇಸರಕ್ಕೋ ಅತ್ತೆ ಒಪ್ಪಿದರು.

“ಪಾಡ್ವಾ ತನಕಾ ಖೋಲಿ ನಿಂದು. ಅಂವಾ ಮಾಲ ತಗೊಂಡಾ ಅಂದ್ರ ಮುಂದನೂ ನಿಂದ. ತಗೊಳ್ಳಲಿಲ್ಲಾ ಅಂದ್ರ ನನ್ನ ಶೇಂಗಾ ಚೀಲ ಒಳಗ, ನಿನ್ನ ಬುಟ್ಟಿ ಹೊರಗ. ಆಮ್ಯಾಲ ಸಕ್ಕರಿ ಹಣ್ಣಿನ ಸುದ್ದಿ ತಗೀಬಾರದು.”

ನಾನು ಅವರ ಕಾಲಿಗೆ ಬಿದ್ದು ಖೋಲಿಯ ಕೀಲಿ ತಗೊಂಡೆ. ಸುಣ್ಣ ಬಳಿಸಿದೆ, ಒಲೆ ಹೂಡಿದೆ, ಬಿದಿರಿನ ತಟ್ಟೆಗಳನ್ನು ತಂದು ಸಾಲಾಗಿ ಇಟ್ಟೆ. ಆ ಖೋಲಿಗೂ ಕುಟ್ಟುವ ಮನೆಗೂ ನಡುವೆ ಗೋಡೆಯಲ್ಲಿ ಒಂದು ಜಾಲಂದ್ರ ಇತ್ತು. ಗಾಳಿ ಆಡುತ್ತದೆ, ಒಳ್ಳೆಯದಾಯಿತು ಅಂದುಕೊಂಡೆ.

ಪಪಾಯಿಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಸುಣ್ಣದ ತಿಳಿನೀರಿನಲ್ಲಿ ನೆನೆಸಬೇಕು, ಆಗ ಬೇಯುವಾಗ ಅಂಚು ಮುರಿಯುವುದಿಲ್ಲ. ಆಮೇಲೆ ನೀರು ಬದಲಿಸಿ ಬದಲಿಸಿ ತೊಳೆದು, ಗಾಜಿನಂತೆ ಕಾಣುವ ತನಕ ಕುದಿಸಿ, ತೆಳ್ಳನೆಯ ಪಾಕಕ್ಕೆ ಹಾಕುವುದು. ಕಲ್ಲಂಗಡಿಯಲ್ಲಿ ಮೇಲಿನ ಹಸಿರು ತೊಗಲನ್ನು ಹೆರೆದು ತೆಗೆದು, ಯಾರೂ ತಿನ್ನದೆ ಎಸೆಯುವ ಬಿಳಿಯ ಭಾಗವನ್ನು ಇಟ್ಟುಕೊಳ್ಳಬೇಕು. ಕಿತ್ತಳೆಯ ಸಿಪ್ಪೆಯನ್ನು ಕಹಿ ಹೋಗುವ ತನಕ ಕುದಿಸಿ ಕುದಿಸಿ ನೀರು ಚೆಲ್ಲಬೇಕು. ಪಾಕಕ್ಕೆ ಬಿದ್ದ ಮೇಲೆ ದಿನವೂ ಒಂದೇ ಕೆಲಸ. ಹಣ್ಣನ್ನು ಜಾಲರಿಯಲ್ಲಿ ಎತ್ತಿಡು, ಪಾಕಕ್ಕೆ ಇನ್ನಷ್ಟು ಸಕ್ಕರೆ ಹಾಕಿ ಕುದಿಸು, ಆರಿಸು, ಹಣ್ಣನ್ನು ಮತ್ತೆ ಮುಳುಗಿಸು. ನಿನ್ನೆಗಿಂತ ಇಂದು ಪಾಕ ತುಸುವೇ ಗಟ್ಟಿ, ಇಂದಿಗಿಂತ ನಾಳೆ ತುಸುವೇ ಗಟ್ಟಿ.

ಈ ‘ತುಸುವೇ’ ಅನ್ನುವುದು ನನ್ನ ಸ್ವಭಾವಕ್ಕೆ ಆಗಿಬರುವ ಮಾತಲ್ಲ. ಮೊದಲ ಬುಟ್ಟಿಗೆ ನಾನು ಎರಡನೆಯ ದಿನವೇ ಎಳೆ ಬರುವ ಪಾಕ ಸುರಿದೆ. ಹೊರಗಿನ ಸಕ್ಕರೆ ಒಳಗಿನ ನೀರನ್ನು ಒಮ್ಮೆಲೇ ಎಳೆದುಕೊಂಡಿತು. ಬೆಳಿಗ್ಗೆ ನೋಡಿದರೆ ಚೌಕಗಳೆಲ್ಲ ಮುದುಡಿ ಒಣದ್ರಾಕ್ಷಿ ಆಗಿದ್ದವು. ಅತ್ತೆ ಒಂದನ್ನು ಎತ್ತಿ ಕಚ್ಚಿ, “ಹಲ್ಲ ಗಟ್ಟಿ ಇದ್ದವರಿಗೆ ಛಲೋ ಐತಿ” ಅಂದು ಹೋದರು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಪಾಕಕ್ಕೆ ಲಿಂಬೆಯ ರಸ ಹಿಂಡಿದೆ, ಸಕ್ಕರೆ ಹರಳುಗಟ್ಟದಿರಲಿ ಎಂದು. ಅವಸರವನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದೆ. ಹಣ್ಣು ದಿನದಿನಕ್ಕೆ ತುಂಬಿಕೊಳ್ಳುತ್ತ ಹೋಯಿತು. ಕಡೆಗೆ ತಟ್ಟೆಯ ಮೇಲೆ ಹರವಿ ಆರಿಸಿದಾಗ ಅದರ ಮೂಲಕ ಬಿಸಿಲು ಹಾಯುತ್ತಿತ್ತು. ಅದನ್ನು ನೋಡಿ ನನಗೆ ಆದ ಸಂತೋಷ ನಮ್ಮ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಗಂಡನಿಗೆ ಹೇಳಿದೆ ಕೂಡ. ಅವನು ಗಿರಾಕಿಗೆ ಚಟ್ನಿ ತೂಗುತ್ತ, “ನನಗೂ ಅಷ್ಟ” ಅಂದ.

ಡಬ್ಬಿ ಹಿಡಿದು ಮಿಠಾಯಿ ಅಂಗಡಿಗೆ ಹೋದೆ. ಮಾಲಕರು ಒಂದು ಬಟ್ಟಲಲ್ಲಿ ಶ್ರೀಖಂಡ ಹಾಕಿಸಿ, ಮೇಲೆ ನನ್ನ ಕೈಯಿಂದಲೇ ಹೂವು ಮಾಡಿಸಿದರು. ನೋಡಿ ತಲೆಯಾಡಿಸಿದರು. ಚಮಚ ಬಾಯಿಗೆ ಹೋಯಿತು. ಆಮೇಲೆ ಅವರ ಮುಖ ಪರೀಕ್ಷೆಯ ಕಾಗದ ನೋಡಿದ ಹುಡುಗನದಾಯಿತು.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಬಳ್ಳೊಳ್ಳಿ ಐತಿ.”

ನಾನು ನಕ್ಕೆ. ಚಟ್ನಿಯವರ ಮನೆಯ ಸೊಸೆಗೆ ಇಂಥ ಚೇಷ್ಟೆ ಹೊಸದಲ್ಲ. ಆದರೆ ಅವರು ನಗಲಿಲ್ಲ. ಒಳಗಿನಿಂದ ಒಬ್ಬ ಕೆಲಸಗಾರನನ್ನು ಕರೆದು ಚಮಚ ಕೊಟ್ಟರು. ಅವನು ಸವಿದು, ನನ್ನ ಮುಖ ನೋಡಿ, ಮೆಲ್ಲಗೆ ಮರಾಠಿಯಲ್ಲಿ “ಲಸಣಾಚಾ ವಾಸ ಯೇತೋಯ್” ಅಂದ. ಅವನ ಮಾತಿನಲ್ಲೂ ಅದೇ ಬೆಳ್ಳುಳ್ಳಿ. ನಾನೇ ತಿಂದು ನೋಡಿದೆ. ಸಕ್ಕರೆ, ಪಪಾಯಿ, ಒಂದು ಎಳೆ ಕೇಸರಿ, ಬೇರೇನೂ ಇಲ್ಲ. ಮೈ ಉರಿಯಿತು. ದರ ಇಳಿಸಲು ಹೂಡಿದ ಆಟ ಇದು ಎಂದು ನನಗೆ ಖಾತ್ರಿಯಾಯಿತು.

ಮನೆಗೆ ಬಂದು ಡಬ್ಬಿಯನ್ನು ಎಲ್ಲರ ಮುಂದೆ ಇಟ್ಟೆ. ಗಂಡ ತಿಂದ, “ಏನೂ ಇಲ್ಲ” ಅಂದ. ಅತ್ತೆ ಮೂಸಿ ನೋಡಿದರು, ತಿಂದರು, ಕಣ್ಣು ಮುಚ್ಚಿ ಮತ್ತೊಂದು ತಿಂದರು.

“ಎಲ್ಲಿ ಬಳ್ಳೊಳ್ಳಿ? ಅವನ ಮೂಗಿನಾಗ ಐತಿ. ನಮ್ಮನಿ ಮಂದಿಗಿಂತ ಅವಗ ಬಳ್ಳೊಳ್ಳಿ ಜಾಸ್ತಿ ಗೊತ್ತೇನ?”

ಅತ್ತೆ ನನ್ನ ಪರವಾಗಿ ನಿಂತದ್ದು ಅಪರೂಪ. ನನಗೂ ಧೈರ್ಯ ಬಂತು. ಇನ್ನೊಂದು ನಮೂನೆ ಮಾಡಿ ಆ ಮನುಷ್ಯನ ಮುಖಕ್ಕೆ ಹಿಡಿಯುತ್ತೇನೆ ಎಂದು, ಕಾಯಿ ತರಲು ಹನ್ನೂರಿಗೆ ಹೊರಟೆ. ಅಣ್ಣನಿಗೆ ತೋರಿಸಲೆಂದು ಅದೇ ಡಬ್ಬಿಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ.

ಅಂದು ಗುರುವಾರ. ಅಕ್ಕಲಕೋಟೆಯ ಬಸ್ಸಿನಲ್ಲಿ ಅಲ್ಲಿಯ ಸ್ವಾಮಿಗಳ ದರ್ಶನಕ್ಕೆ ಹೋಗುವವರ ಗದ್ದಲ. ನನ್ನ ಪಕ್ಕ ಪುಣೆಯ ಕಡೆಯ ಒಬ್ಬ ಹೆಂಗಸು ಕೂತಿದ್ದಳು. ಬಸ್ಸು ಊರು ದಾಟುವಷ್ಟರಲ್ಲಿ ಅವಳು ನನ್ನತ್ತ ತಿರುಗಿ, ಚಟ್ನಿಯ ವಾಸನೆ ಎಷ್ಟು ಚೆನ್ನಾಗಿ ಬರುತ್ತಿದೆ, ಯಾವ ಅಂಗಡಿಯಲ್ಲಿ ತಗೊಂಡಿರಿ ಎಂದು ಮರಾಠಿಯಲ್ಲಿ ಕೇಳಿದಳು. ನನ್ನ ಹತ್ತಿರ ಚಟ್ನಿ ಇಲ್ಲ ಅಂದೆ. ಅವಳು ನಂಬಲಿಲ್ಲ. ನನ್ನ ಚೀಲ ನೋಡಿದಳು, ಸೆರಗು ನೋಡಿದಳು, ಆಮೇಲೆ ಸಂಕೋಚಪಟ್ಟು ಕಿಟಕಿಯತ್ತ ತಿರುಗಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಸೆರಗನ್ನು ಮೂಗಿಗೆ ಹಿಡಿದು ನೋಡಿಕೊಂಡೆ. ಏನೂ ಇಲ್ಲ. ಜಡೆಯ ತುದಿ ಮೂಸಿದೆ. ಏನೂ ಇಲ್ಲ. ಆದರೆ ಈ ಹೆಂಗಸಿಗೆ ನನ್ನ ಹತ್ತಿರ ದರ ಇಳಿಸಬೇಕಾದದ್ದು ಏನೂ ಇಲ್ಲವಲ್ಲ.

ಹನ್ನೂರಲ್ಲಿ ಅಣ್ಣನ ಹೆಂಡತಿ ಅಂಗಳದಲ್ಲೇ ಸಿಕ್ಕಳು. ವೈನಿ ಎಂದು ಕರೆಯುತ್ತೇನೆ, ವಯಸ್ಸಿನಲ್ಲಿ ನನಗಿಂತ ಸಣ್ಣವಳು, ಆಕಾರದಲ್ಲಿ ನನ್ನ ದುಪ್ಪಟ್ಟು, ನಗು ಅದಕ್ಕಿಂತ ದೊಡ್ಡದು. ಚೀಲ ಇಳಿಸದೆ ಕೇಳಿದೆ.

“ವೈನಿ, ದೇವರಾಣಿ ಖರೇ ಹೇಳು. ನಾನು ನಾರತೀನೇನ?”

ವೈನಿ ನೆಲ ನೋಡಿದಳು, ಆಕಾಶ ನೋಡಿದಳು. “ನಾರತೀರಿ ಅಂತಲ್ರಿ. ನೀವ ಬಂದ್ರ ಗಾಡಿ ಸಪ್ಪಳಕಿಂತ ಮೊದಲ ಗೊತ್ತಾಗತೈತಿ. ಹುಡುಗುರು ಒಳಗಿಂದನ, ಅತ್ತಿ ಬಂದಳು, ಅತ್ತಿ ಬಂದಳು ಅಂತ ಓಡಿ ಬರತಾವು.”

“ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ಏನಂತ ಹೇಳೂದ್ರಿ? ನಮಗ ಅದ ನಿಮ್ಮ ವಾಸನಿ.”

ತನ್ನ ಬೆನ್ನು ತನಗೆ ಕಾಣದು. ಬೆನ್ನಾದರೆ ಕನ್ನಡಿಯಲ್ಲಿ ನೋಡಬಹುದು, ಇದಕ್ಕೆ ಕನ್ನಡಿಯೂ ಇಲ್ಲ. ನಾನು ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತ ನಗುತ್ತ ಅಳು ಬಂತು. ಡಬ್ಬಿ ತೆರೆದು ವೈನಿಗೆ ತಿನ್ನಿಸಿದೆ. ಅವಳು ಅಗಿದು, “ಮೊದಲ ಸಕ್ಕರಿ, ಆಮ್ಯಾಲ ನಿಮ್ಮ ಅತ್ತಿ” ಅಂದಳು. ಮಿಠಾಯಿಯ ಮಾಲಕರು ಹೇಳಿದ್ದು ಅಕ್ಷರಶಃ ನಿಜ. ತೆರೆದ ಪಾತ್ರೆಯಲ್ಲಿ ದಿನಗಟ್ಟಲೆ ಇಟ್ಟ ಪಾಕ ಜಾಲಂದ್ರದಿಂದ ಬಂದ ಬೆಳ್ಳುಳ್ಳಿಯನ್ನೆಲ್ಲ ಕುಡಿದಿತ್ತು. ದಸರೆಯಲ್ಲಿ ಅವರು ಮೆಚ್ಚಿದ ಹಣ್ಣನ್ನು ನಾನು ಮಾಡಿದ್ದು ಈ ಅಂಗಳದಲ್ಲಿ, ಸೋಲಾಪುರದಲ್ಲಿ ಅಲ್ಲ.

ಸೋಲಾಪುರಕ್ಕೆ ಮರಳಿ ಮೊದಲು ಜಾಲಂದ್ರಕ್ಕೆ ಪ್ಲಾಸ್ಟಿಕ್ ಹೊಡೆದೆ. ಗೋಡೆಗೆ ಮತ್ತೊಮ್ಮೆ ಸುಣ್ಣ, ನೆಲಕ್ಕೆ ಫಿನೈಲು, ಮೂಲೆಗೊಂದು ಊದಿನಕಡ್ಡಿ. ಮಿಠಾಯಿ ಅಂಗಡಿಯ ಆ ಕೆಲಸಗಾರನನ್ನೇ ಕೈಮುಗಿದು ಕರೆತಂದು ಬಾಗಿಲಲ್ಲಿ ನಿಲ್ಲಿಸಿದೆ. ಈಗ ಗುಡಿಯಲ್ಲಿ ಯಾರೋ ಒಗ್ಗರಣೆ ಹಾಕಿದ ಹಾಗಿದೆ ಅಂದ ಅವನು.

ಆ ಬಾಗಿಲಲ್ಲಿ ನಿಂತೇ ನಾನು ಖೋಲಿಯನ್ನು ನೋಡಿದೆ. ಎಷ್ಟು ಕಾಡಿ ಬೇಡಿ ಪಡೆದ ಜಾಗ. ಸುಣ್ಣ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಬಿಟ್ಟರೆ ಶೇಂಗಾ ಚೀಲಗಳು ಒಳಗೆ ಬರುತ್ತವೆ, ಇಟ್ಟುಕೊಂಡರೆ ಹಣ್ಣು ಹಣ್ಣಾಗುವುದಿಲ್ಲ. ನನಗೆ ಬೇಕಾದದ್ದು ಖೋಲಿಯೋ ಹಣ್ಣೋ? ಅಷ್ಟು ದಿನ ಎರಡೂ ಒಂದೇ ಅಂದುಕೊಂಡಿದ್ದೆ. ಕೀಲಿಯನ್ನು ಒಯ್ದು ಅತ್ತೆಯ ಸ್ಟೂಲಿನ ಪಕ್ಕ ಇಟ್ಟೆ.

“ಹನ್ನೂರದಾಗ ಮಾಡತೀನ್ರಿ. ಇಲ್ಲಿ ವಾಸನಿ ಹಿಡೀತೈತಿ.”

ಯಂತ್ರ ಬಡಿಯುತ್ತಲೇ ಇತ್ತು. ಅತ್ತೆ ಅದನ್ನು ನಿಲ್ಲಿಸಿದರು.

“ವಾಸನಿ ಅಂದ್ರ? ಯಾರ ಮನೀಗೆ ವಾಸನಿ ಅಂತೀ? ಈ ವಾಸನಿ ಮ್ಯಾಲ ನಿನ್ನ ಗಂಡ ದೊಡ್ಡವ ಆಗ್ಯಾನ.”

“ಛಲೋ ವಾಸನೀನ ಐತ್ರಿ. ಚಟ್ನಿಗೆ ಛಲೋ, ಶ್ರೀಖಂಡಕ್ಕ ಅಲ್ಲ.”

“ನನಗ ಬರಂಗಿಲ್ಲ ವಾಸನಿ. ನನ್ನ ಮೂಗ ಸುಳ್ಳೇನ ಹಂಗಾದ್ರ?”

ಉತ್ತರಕ್ಕೆ ಕಾಯದೆ ಯಂತ್ರ ಮತ್ತೆ ಶುರು ಮಾಡಿದರು. ನಾನು ಹೊರಟಾಗ ಖೋಲಿಯೊಳಗೆ ಚೀಲ ಉರುಳಿಸುವ ಸದ್ದು ಕೇಳಿತು. ಆದರೂ ತಿರುಗಿ ನೋಡಲಿಲ್ಲ.

ಹನ್ನೂರಲ್ಲಿ ವೈನಿ ಒಂದು ಕಾಯಿದೆ ಮಾಡಿದ್ದಳು. ಸೋಲಾಪುರದಿಂದ ಯಾರೇ ಬರಲಿ, ಅಂಗಳದ ಬಚ್ಚಲಲ್ಲಿ ತಲೆಗೆ ಶೀಗೇಕಾಯಿ ಹಚ್ಚಿ ಎರೆದುಕೊಂಡು, ಅಲ್ಲಿಯ ಬಟ್ಟೆ ಉಟ್ಟು ಆಮೇಲೆ ಒಳಗೆ. ಮೊದಲ ಕೈದಿ ನಾನೇ. ಅವಳ ಕುಪ್ಪಸದಲ್ಲಿ ನನ್ನಂಥ ಇಬ್ಬರು ಹಿಡಿಯುತ್ತಿದ್ದರು. ಸಕ್ಕರೆಯನ್ನು ಅಕ್ಕಲಕೋಟೆಯ ಬಜಾರದಿಂದ ಹೊಸದಾಗಿ ತರಿಸಿದೆವು. ತಟ್ಟೆ, ಜಾಲರಿ, ಮರದ ಹುಟ್ಟು, ಬಟ್ಟೆ, ವಾಸನೆ ಹಿಡಿಯುವ ಯಾವ ವಸ್ತುವೂ ಹಳೆಯದು ಬೇಡ ಅಂದಳು. ಅಷ್ಟರಲ್ಲಿ ಅಣ್ಣ ಟ್ರ್ಯಾಕ್ಟರಿನಲ್ಲಿ ಹೊಸದಾಗಿ ಕಿತ್ತ ಉಳ್ಳಾಗಡ್ಡಿ ತುಂಬಿಕೊಂಡು ಅಂಗಳಕ್ಕೇ ಬಂದ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು ನನ್ನ ಕತೆ. ವೈನಿ ಸೆರಗು ಕಟ್ಟಿ ಟ್ರ್ಯಾಕ್ಟರಿನ ಮುಂದೆ ನಿಂತಳು.

“ಒಂದ ಗಡ್ಡಿ ಇಲ್ಲಿ ಇಳೀಬಾರದು. ಹೊಲಕ್ಕ ಹೊಳ್ಳಸ್ರಿ.”

“ಉಳ್ಳಾಗಡ್ಡಿ ಎಲ್ಲಿ ಮಲಗಸಲಿ?”

“ಬಾವಿ ದಂಡಿಮ್ಯಾಲ ಮಲಗಸ್ರಿ, ಬೇಕಾರ ನೀವೂ ಅಲ್ಲೇ ಮಲಗ್ರಿ.”

ಅಣ್ಣ ಟ್ರ್ಯಾಕ್ಟರು ತಿರುಗಿಸಿದ.

ಕೆಲಸ ಸುಸೂತ್ರ ನಡೆಯಿತು ಅಂದರೆ ಸುಳ್ಳಾಗುತ್ತದೆ. ಹೂವಿನ ನಡುವೆ ಕೆಂಪು ಬೇಕಿತ್ತು, ಅದಕ್ಕೆ ಬೀಟ್‌ರೂಟಿನ ರಸ ಹಾಕಿದರೆ ಕುದಿಯುವಾಗ ಕಂದುಬಣ್ಣಕ್ಕೆ ತಿರುಗಿತು. ಒಲೆಯಿಂದ ಇಳಿಸಿ ಪಾಕ ಆರಿದ ಮೇಲೆ ರಸವನ್ನೂ ಲಿಂಬೆಯನ್ನೂ ಸೇರಿಸಿದಾಗ ಬಣ್ಣ ನಿಂತಿತು. ಹಳದಿಗೆ ಅರಿಸಿನದ ಚಿಟಿಕೆ, ಕಡೆಯ ಪಾಕಕ್ಕೆ ಕೇಸರಿ. ಕಲ್ಲಂಗಡಿಯ ಚೂರಿಗೆ ಅದರದೇ ತಿಳಿ ಹಸಿರು ಸಾಕಾಯಿತು. ಇನ್ನೊಂದು ಕಾಟ ನಮ್ಮ ಕಡೆಯ ಬಿಸಿಲು. ಅಂಗಳದಲ್ಲಿ ಹರವಿದ ಹಣ್ಣು ಹೊರಗೆ ಬೇಗ ಒಣಗಿ ಚಿಪ್ಪುಗಟ್ಟುತ್ತಿತ್ತು, ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು. ತಟ್ಟೆಗಳನ್ನು ಎತ್ತಿ ಮಾಳಿಗೆಯ ನೆರಳಿಗೆ ಒಯ್ದು, ಮಂಚದ ಮೇಲಿಟ್ಟು, ತೆಳು ಬಟ್ಟೆ ಹೊದಿಸಿ, ಗಾಳಿಗೆ ಮಾತ್ರ ಬಿಟ್ಟೆವು. ಇರುವೆ ಬರದಂತೆ ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದೆವು. ಪ್ರತಿ ಪಾಕವನ್ನೂ ವೈನಿ ಮೂಸಬೇಕು, ಅವಳು ಹೂಂ ಅಂದರೆ ಮುಂದೆ.

ನಮೂನೆಯನ್ನು ಮಾಲಕರಿಗೆ ಮುಟ್ಟಿಸಲು ಅಣ್ಣ ಮೋಟರ್‌ಸೈಕಲ್ಲಿನಲ್ಲಿ ಹೋದ. ನನ್ನನ್ನು ನಾನೇ ನಂಬುವ ಸ್ಥಿತಿಯಲ್ಲಿ ಇರಲಿಲ್ಲ. ಫೋನು ಬಂದಾಗ ಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದೆ.

“ಅಕ್ಕಾರ, ನಾ ಅರ್ಧಾ ಡಬ್ಬಿಗೆ ಹೂವ ಇಡಬೇಕಂತ ಇದ್ದೆ. ಈಗ ಎಲ್ಲಾ ಡಬ್ಬಿಗೂ ಬೇಕು. ಆಗತೈತೇನ ನಿಮ್ಮ ಕಡಿಂದ?”

“ಆಗತೈತ್ರಿ” ಅಂದೆ. ಹೇಗೆ ಆಗುತ್ತದೆ ಎಂಬುದು ಗೊತ್ತಿರಲಿಲ್ಲ. ಫೋನು ಇಟ್ಟು ವೈನಿಯನ್ನು ತಬ್ಬಿಕೊಂಡೆ. ಅವಳ ಸುತ್ತ ಕೈ ಪೂರ್ತಿ ಬರಲಿಲ್ಲ.

ಮರುದಿನದಿಂದ ಕಾಯಿ ರಾಶಿ ಬಿತ್ತು. ಇಬ್ಬರೂ ಕತ್ತರಿಸಿದ್ದೇ ಕತ್ತರಿಸಿದ್ದು, ರಾಶಿ ಕರಗಲಿಲ್ಲ. ಪಾಕಕ್ಕೆ ಅವಸರ ಆಗದು, ಹಬ್ಬವೋ ನಿಲ್ಲದು. ಈ ಗಡಿಬಿಡಿಯ ನಡುವೆ ಒಂದು ಮುಂಜಾನೆ ಅಂಗಳದ ಬಾಗಿಲಲ್ಲಿ ಬಾಡಿಗೆಯ ಟಮ್‌ಟಮ್ ನಿಂತಿತು. ಇಳಿದವರು ನನ್ನ ಅತ್ತೆ. ಜರತಾರಿ ಅಂಚಿನ ಇಳಕಲ್ ಸೀರೆ, ಕೈಯಲ್ಲಿ ಬೀಗರ ಮನೆಗೆಂದು ಚಟ್ನಿಯ ದೊಡ್ಡ ಪೊಟ್ಟಣ, ಮುಖದಲ್ಲಿ ಸಿಟ್ಟು.

“ನಮ್ಮನಿ ನಾರತೈತಿ ಅಂತ ಮಿಠಾಯಿ ಅಂಗಡಿಯಾಗ ಮಾತಾಡಾಕತ್ತಾರ. ಯಾವ ಸ್ವರ್ಗದಾಗ ಕುಂತ ಮಾಡಾಕತ್ತೀ ಅಂತ ನೋಡಾಕ ಬಂದೀನಿ.”

ಅತ್ತೆ ಹೊಸ್ತಿಲಿಗೆ ಕಾಲಿಡುವುದಕ್ಕೂ ವೈನಿ ಬಾಗಿಲಿಗೆ ಅಡ್ಡ ನಿಲ್ಲುವುದಕ್ಕೂ ಸರಿಹೋಯಿತು. ಬೀಗಿತ್ತಿಯನ್ನು ಬಾಗಿಲಲ್ಲಿ ತಡೆಯುವುದೆಂದರೆ ನಮ್ಮಲ್ಲಿ ಸಂಬಂಧ ಹರಿದುಹೋಗುವ ಮಾತು. ವೈನಿ ತಲೆಯ ಮೇಲೆ ಸೆರಗು ಹೊದ್ದು, ಬಾಗಿ ಪಾದ ಮುಟ್ಟಿ, ಎದ್ದು ಕೈ ಮುಗಿದಳು.

“ನೀವ ದೊಡ್ಡವರದೀರಿ, ಬರ್ರಿ. ಆದ್ರ ಮೊದಲ ಬಚ್ಚಲಕ್ಕ ಬರ್ರಿ. ಬಿಸಿನೀರ ಕಾದಾವು. ನಿಮ್ಮ ಸೊಸಿ ಇಷ್ಟ ದಿನ ಮಾಡಿದ್ದ ಎಲ್ಲಾ ಒಳಗ ಐತಿ. ಮತ್ತ ವಾಸನಿ ಹಿಡೀತಂದ್ರ ಅಕೀ ಕೈಯಾಗ ಏನೂ ಉಳಿಯಂಗಿಲ್ಲ.”

ಅತ್ತೆ ವೈನಿಯನ್ನು ನೋಡಿದರು. ಅವಳ ಹಿಂದೆ ಪಪಾಯಿಯ ರಾಶಿಯ ಪಕ್ಕ ನಿಂತ ನನ್ನನ್ನು ನೋಡಿದರು, ನನ್ನ ಕೈ ನೋಡಿದರು. ಎಣ್ಣೆ ಹಚ್ಚಿದರೂ ಬೆರಳೆಲ್ಲ ಒಡೆದಿದ್ದವು. ಟಮ್‌ಟಮ್ಮಿನವನು ಇನ್ನೂ ಹೋಗಿರಲಿಲ್ಲ. ಹತ್ತಿ ಹೊರಟುಬಿಡುತ್ತಾರೆ ಅಂದುಕೊಂಡೆ.

ಅತ್ತೆ ಪೊಟ್ಟಣವನ್ನು ಅವನ ಕೈಗೆ ಕೊಟ್ಟರು. “ಇದನ್ನ ನಿನ್ನ ಮನಿಗೆ ಒಯ್ಯೋ ತಮ್ಮಾ, ರೊಟ್ಟಿ ಕೂಡ ತಿನ್ರಿ” ಅಂದರು. ಆಮೇಲೆ ವೈನಿಯ ಕಡೆ ತಿರುಗಿ, “ಬಚ್ಚಲ ಯಾವ ಕಡಿ ಐತಿ?” ಅಂದರು.

ವೈನಿಯ ಸೀರೆಯಲ್ಲಿ, ಒದ್ದೆ ಕೂದಲು ಬಿಟ್ಟುಕೊಂಡು ಹೊರಬಂದ ಅತ್ತೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಗುರುತೇ ಸಿಗಲಿಲ್ಲ. ಸಂಜೆಯ ಬಸ್ಸಿಗೆ ಹೋಗುತ್ತೇನೆ ಎನ್ನುತ್ತಲೇ ಕೂತರು. ನಾವು ಕತ್ತರಿಸುವುದನ್ನು ಸ್ವಲ್ಪ ಹೊತ್ತು ಸಹಿಸಿದರು.

“ಇದೇನ ಕತ್ತರಸೂದು? ಒಂದ ಆನಿ, ಒಂದ ಇಲಿ. ಹಿಂಗಿದ್ರ ಪಾಕ ಎಲ್ಲಾದಕ್ಕೂ ಸಮಾ ಹೆಂಗ ಇಳೀತೈತಿ? ಕೊಡ್ರಿ ಇಲ್ಲಿ.”

ಚಾಕು ಅವರ ಕೈಗೆ ಹೋಯಿತು, ಸಂಜೆಯ ಬಸ್ಸು ತನ್ನ ದಾರಿ ಹಿಡಿದು ಹೋಯಿತು. ಮರುದಿನದ ಬಸ್ಸೂ ಹೋಯಿತು. ಗಂಡ ಫೋನು ಮಾಡಿ ಚಟ್ನಿಗೆ ಉಪ್ಪು ಎಷ್ಟು ಎಂದು ಕೇಳಿದರೆ, “ನಿನ್ನ ನಾಲಿಗಿ ಎಲ್ಲಿ ಹೋಗೈತಿ?” ಎಂದು ಇಟ್ಟರು. ನಮ್ಮ ಜೊತೆ ಹಾಡಿದರು, ಒಗಟು ಹೇಳಿದರು, ಮಾವ ಹೊಸದಾಗಿ ಮದುವೆಯಾದಾಗ ಮಾಡಿದ ಮಂಗತನಗಳನ್ನು ಹೇಳಿ ವೈನಿಯನ್ನು ನೆಲಕ್ಕೆ ಬಿದ್ದು ನಗುವಂತೆ ಮಾಡಿದರು. ಪಾಡ್ವಾ ಹತ್ತಿರ ಬರುವ ತನಕ ಮೂವರೂ ಹೀಗೇ ಕೂತು ಆ ರಾಶಿಯನ್ನು ಕರಗಿಸಿದೆವು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಾವಿಬ್ಬರು ಹಾಗೆ ನಕ್ಕಿರಲಿಲ್ಲ.

ಹಬ್ಬದ ಹಿಂದಿನ ದಿನಗಳಲ್ಲಿ ಅಣ್ಣ ಮಾಲನ್ನು ಮುಟ್ಟಿಸಿ ಬಂದ. ಪಾಡ್ವಾದ ಮುನ್ನಾದಿನ ಮಧ್ಯಾಹ್ನ ನಾನೂ ಅತ್ತೆಯೂ ಸೋಲಾಪುರಕ್ಕೆ ಇಳಿದು, ಮೊದಲು ಮಿಠಾಯಿ ಅಂಗಡಿಯ ಮುಂದೆ ನಿಂತೆವು. ಗಾಜಿನ ಹಿಂದೆ ಶ್ರೀಖಂಡದ ಡಬ್ಬಿಗಳು ಸಾಲಾಗಿದ್ದವು. ಪಾರದರ್ಶಕ ಮುಚ್ಚಳದ ಕೆಳಗೆ ಕಿತ್ತಳೆ ಸಿಪ್ಪೆಯ ದಳ, ಕಲ್ಲಂಗಡಿಯ ಎಲೆ, ನಡುವೆ ಪಪಾಯಿಯ ಕೆಂಪು. ಜನ ಸರದಿಯಲ್ಲಿ ನಿಂತು ಕೈಕೈಗೆ ಒಯ್ಯುತ್ತಿದ್ದರು. ಮಾಲಕರು ಗದ್ದಲದ ನಡುವೆಯೇ ನನ್ನನ್ನು ಕಂಡು ಕೂಗಿದರು.

“ಅಕ್ಕಾರ, ಗಣಪತಿ ಹಬ್ಬಕ್ಕೂ ಬೇಕು, ದಸರಾಕ್ಕೂ ಬೇಕು! ಹಬ್ಬಾ ಮುಗದ ಮ್ಯಾಲ ಕುಂತ ಮಾತಾಡೂಣು!”

ನಾನು ಕೈ ಎತ್ತಿದೆ. ಅತ್ತೆ ಸರದಿಯಲ್ಲಿದ್ದ ಒಬ್ಬಳಿಗೆ, “ನನ್ನ ಸೊಸಿ ಮಾಡಿದ್ದು” ಅಂದರು. ಅವಳೇನೂ ವಿಚಾರಿಸಿರಲಿಲ್ಲ. ಮುಂದಿನವಳಿಗೂ ಹೇಳಿದರು.

ಅಲ್ಲಿಂದ ನಮ್ಮ ಓಣಿಗೆ ನಡೆದು ಬಂದೆವು. ಅಂಗಡಿಯ ಪಕ್ಕದ ಬಾಗಿಲಿಗೆ ಬಂದಾಗ ಅತ್ತೆ ಗಕ್ಕನೆ ನಿಂತರು. ಗೋಡೆಗೆ ಕೈ ಕೊಟ್ಟರು. ಬಿಸಿಲಿಗೆ ತಲೆ ತಿರುಗಿತೇನೋ ಎಂದು ನಾನು ಹಿಡಿಯಲು ಹೋದೆ. ಅಷ್ಟರಲ್ಲಿ ನನಗೂ ಬಡಿಯಿತು. ಹುರಿದ ಶೇಂಗಾದ ಬೆಚ್ಚನೆಯ ಕಂಪು, ಅದರ ಹಿಂದೆ ಬೆಳ್ಳುಳ್ಳಿ, ಅದರ ಹಿಂದೆ ಖಾರದ ಘಾಟು. ಗೋಡೆಯಿಂದ, ಬಾಗಿಲಿನಿಂದ, ಮೆಟ್ಟಿಲಿನಿಂದ ಬರುತ್ತಿತ್ತು. ಬಾಯಲ್ಲಿ ನೀರೂರಿತು.

ಗಲ್ಲೆಯ ಮೇಲಿಂದ ನನ್ನ ಗಂಡ ಕೂಗಿದ. “ಯಾಕ ನಿಂತ್ರಿ? ಒಳಗ ಬರ್ರಿ.”

“ಸುಮ್ಮನ ಇರೋ ಸ್ವಲ್ಪ” ಅಂದರು ಅತ್ತೆ. ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡರು, ಬಿಟ್ಟರು, ಮತ್ತೆ ಎಳೆದುಕೊಂಡರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ತುಟಿ ನಗುತ್ತಿತ್ತು.

“ಮದುವಿ ಆಗಿ ಇದ ಹೊಸ್ತಲದಾಗ ನಿಂತಾಗ ಹಿಂಗ ಬಂದಿತ್ತು. ಆಮ್ಯಾಲ ಎಲ್ಲಿ ಹೋತು ಅಂತ ಗೊತ್ತಾಗಲಿಲ್ಲ. ಮಂದಿ ದೂರದಿಂದ ಬಂದ ಯಾಕ ಒಯ್ತಾರ ನನ್ನ ಚಟ್ನಿ ಅಂತ ತಿಳೀತಿರಲಿಲ್ಲ ನೋಡು. ಎಷ್ಟ ಛಲೋ ಐತಿ! ನಾನ ಮಾಡಿದ್ದೇನ ಇದು?”

“ನೀವ ಮಾಡಿದ್ದ್ರಿ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಆ ಖೋಲಿಯಾಗ ಶೇಂಗಾ ಇರಲಿ. ನಿನ್ನ ಕೆಲಸಾ ಹನ್ನೂರದಾಗ ಚಾಲೂ ಇಡು, ಬಿಡಬ್ಯಾಡ. ಹಬ್ಬಕ್ಕ ಹಬ್ಬಕ್ಕ ನಾನೂ ಬರತೀನಿ ನಿನ್ನ ಸಂಗಾಟ.”

“ಪಪಾಯಿ ಕತ್ತರಸಾಕೇನ್ರಿ?”

“ಅಲ್ಲ” ಅಂದರು ಅತ್ತೆ. “ಹೊಳ್ಳಿ ಮನಿಗೆ ಬರಾಕ.”